ಹಳೇ ಮದುವೆ ಡಿವಿಡಿ ಹೊಸ ಟಿವಿಯಲ್ಲಿ ಮಸುಕೇ? ಮೊದಲು ವೈರ್ ನೋಡಿ

ಹಾಸನ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲೂಕುಗಳ ಎಷ್ಟೋ ಮನೆಗಳ ಮದುವೆ, ಗೃಹಪ್ರವೇಶದ ನೆನಪು ಇನ್ನೂ ಡಿವಿಡಿಯಲ್ಲೇ ಇದೆ. ಈಗಿಲ್ಲದ ಅಜ್ಜ-ಅಜ್ಜಿಯರ ಓಡಾಟವೂ ಅದರಲ್ಲೇ. ಎಲ್‌ಇಡಿ ಟಿವಿಯಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಸ್ಕ್ ಹಾಳಾಗಿದೆ ಅಂದ್ಕೋಬೇಡಿ.

ಕಾರಣ: ನಮ್ಮ ಪಾಲ್ ಡಿವಿಡಿ ಚಿತ್ರಕ್ಕೆ 576 ಗೆರೆ. ಇಂಟರ್‌ಲೇಸ್ಡ್‌ನಲ್ಲಿ ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ, ಹೀಗೆ ಸೆಕೆಂಡಿಗೆ 50 ಸಲ ಬರುತ್ತವೆ. ಪ್ರೋಗ್ರೆಸಿವ್ ಸ್ಕ್ಯಾನ್ ಇದ್ದರೆ ಪ್ಲೇಯರೇ ಎರಡನ್ನೂ ಸೇರಿಸಿ ಪೂರ್ತಿ ಚಿತ್ರ ಕಳಿಸುತ್ತದೆ.

ಏನು ಮಾಡಬೇಕು: ಹಳದಿ ವೈರಿನಲ್ಲಿ ಪ್ರೋಗ್ರೆಸಿವ್ ಹೋಗಲ್ಲ. ಎಚ್‌ಡಿಎಂಐ ಅಥವಾ ಹಸಿರು-ನೀಲಿ-ಕೆಂಪು ಕಾಂಪೊನೆಂಟ್ ವೈರ್ ಬೇಕು. ಸೌಂಡಿನ ಕೆಂಪು-ಬಿಳಿ ವೈರ್ ಬೇರೆ, ಬೆರೆಸಬೇಡಿ. ನಂತರ ಪ್ಲೇಯರ್ ಸೆಟಪ್‌ನಲ್ಲಿ ‘ಪ್ರೋಗ್ರೆಸಿವ್’ ಆರಿಸಿ. ಮುಖ ಅಗಲವಾಗಿ ಕಂಡರೆ ಟಿವಿಯಲ್ಲಿ 4:3 ಇಡಿ.

ಎಚ್ಚರ: ಹಳೇ ಡಬ್ಬಾ ಟಿವಿಗಳಲ್ಲಿ ಹೆಚ್ಚಿನವಕ್ಕೆ ಇದು ಆಗಲ್ಲ, ಚಿತ್ರವೇ ಹೋಗಬಹುದು. ರೆಕಾರ್ಡಿಂಗೇ ಮಸುಕಾಗಿದ್ದರೆ ಯಾವ ವೈರೂ ಸರಿಮಾಡಲ್ಲ. ಡಿವಿಡಿ ಎಚ್‌ಡಿ ಆಗುವುದೂ ಇಲ್ಲ.

ಅಂಗಡಿಯವರು ಹೊಸ ಪ್ಲೇಯರ್ ತೋರಿಸುವ ಮೊದಲು ಗ್ರಾಹಕರ ಟಿವಿ, ಪ್ಲೇಯರ್ ಹಿಂದಿನ ಸಾಕೆಟ್‌ಗಳ ಫೋಟೊ ಕೇಳಿ. ಬರೀ ವೈರ್‌ನಲ್ಲೇ ಕೆಲಸ ಮುಗಿಯಬಹುದು.