ಎರೆ ನೆಲದಲ್ಲಿ ಅಂಬಾಸಿಡರ್ ಮತ್ತು ಫಿಯಟ್

ಅಂಬಾಸಿಡರ್ ಮೇಲೋ ಫಿಯಟ್ ಮೇಲೋ ಎಂಬ ಹಳೇ ವಾದಕ್ಕೆ ಎಲ್ಲರೂ ಕಲ್ಕತ್ತ, ಬೊಂಬಾಯಿಯ ಟ್ಯಾಕ್ಸಿಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಲ್ಕತ್ತದ ಪಕ್ಕದ ಉತ್ತರಪಾಡಾದಲ್ಲಿ ತಯಾರಿಸಿದ್ದು ಅಂಬಾಸಿಡರ್. ಇಟಲಿಯ ಫಿಯಟ್ 1100ನ್ನು ಪ್ರೀಮಿಯರ್ ಕಂಪನಿ ಬೊಂಬಾಯಿಯ ಕುರ್ಲಾದಲ್ಲಿ ತಯಾರಿಸಿತು. 1970ರ ದಶಕದಲ್ಲಿ ಅದೇ ಪದ್ಮಿನಿಯಾಯಿತು. ಕಾರ್ಖಾನೆಯ ಊರಿನಲ್ಲಿ ಆ ಊರಿನ ಕಾರೇ ಓಡಾಡಿದರೆ ಅದರ ಗುಣಕ್ಕೆ ಪುರಾವೆ ಸಿಕ್ಕಂತಾಗದು. ಎರಡಕ್ಕೂ ತವರಲ್ಲದ ಬಳ್ಳಾರಿ ಸೀಮೆಯಲ್ಲಿ ನಿಲ್ಲಿಸಿ ನೋಡಬೇಕು. ಅಲ್ಲಿನ ನೆಲ, ಬಿಸಿಲು ಅಂಬಾಸಿಡರ್‌ಗೆ ಒಗ್ಗುವಂಥವು, ಅದೂ ಡೀಸೆಲ್ ಎಂಜಿನ್ ಬಂದ ಮೇಲೆ ಎಂಬುದು ನನ್ನ ವಾದ.

ಬಳ್ಳಾರಿ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ತುಂಗಭದ್ರಾ ಅಣೆಕಟ್ಟು ನೀರು ಕೊಡತೊಡಗಿದ್ದೂ ಅದೇ ವರ್ಷ. ಬಿಡಿಭಾಗ ತರಿಸಿ ಬರೀ ಜೋಡಿಸುವ ವಿದೇಶಿ ಕಂಪನಿಗಳಿಗೆ ಸರ್ಕಾರ ಬಾಗಿಲು ಹಾಕಿದ್ದೂ ಆಗಲೇ. ಹೀಗೆ ನೀರಾವರಿಯ ದುಡ್ಡು ಸಿರುಗುಪ್ಪದ ಭತ್ತದ ಸೀಮೆಗೆ ಬರುವ ಹೊತ್ತಿಗೆ ಕೊಳ್ಳುವ ಆಯ್ಕೆ ಎರಡು ಮೂರು ಕಾರಿಗೆ ಇಳಿದಿತ್ತು. ಈ ಸೀಮೆಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ರಸ್ತೆಯೂ ಅದರ ಜೊತೆಗೇ ಏರಿಳಿಯುತ್ತದೆ. ಅಂಬಾಸಿಡರ್‌ನ 15 ಇಂಚಿನ ಗಾಲಿ, ಉದ್ದನೆಯ ಮೈ, ಸಂಸಾರವನ್ನೇ ತುಂಬಿಕೊಳ್ಳುವ ಹಿಂದಿನ ಸೀಟು ಇಂಥ ದಾರಿಗೆ ಹೇಳಿ ಮಾಡಿಸಿದಂತಿದ್ದವು. ಇನ್ನು ಬಿಸಿಲು. ಪಾದರಸ 40 ಡಿಗ್ರಿ ದಾಟಿದಾಗ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಎಂಜಿನ್ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಈ ಕಾಟ ಪೆಟ್ರೋಲಿನ ಎರಡೂ ಕಾರಿಗಿತ್ತು. 1980ರ ಸುಮಾರಿಗೆ ಬಂದ ಡೀಸೆಲ್ ಅಂಬಾಸಿಡರ್‌ಗೆ ಇರಲಿಲ್ಲ. ಅದರ ಎಂಜಿನ್ ಸೋಮಾರಿ, ಗದ್ದಲವೂ ಜಾಸ್ತಿ. ಆದರೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ 50 ಚಿಲ್ಲರೆ ಕಿಲೋಮೀಟರು ಹೆಚ್ಚುಕಡಿಮೆ ಬಯಲು. ಕುರುಗೋಡಿನ ಕಲ್ಲುಗುಡ್ಡಗಳೂ ರಸ್ತೆಯ ಪಕ್ಕಕ್ಕಿವೆಯೇ ಹೊರತು ಹತ್ತಬೇಕಾದ ಘಾಟಿಯಲ್ಲ. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಬಿಚ್ಚಿ ಪಳಗಿದ ಕೈಗೆ ಇದೂ ಹೊಸದಲ್ಲ.

ಫಿಯಟ್ ಪರವಾಗಿಯೂ ಹೇಳುವುದಿದೆ. 1089 ಸಿಸಿಯ ಆ ಪುಟ್ಟ ಎಂಜಿನ್ ಚುರುಕು, ಸ್ಟೇರಿಂಗ್ ಹಗುರ. ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್‌ಬಜಾರಿನ ಇಕ್ಕಟ್ಟಿನಲ್ಲಿ ತಿರುಗಿಸಲು ಅದೇ ವಾಸಿ. ತಾವೇ ಓಡಿಸುವ ವೈದ್ಯರಿಗೆ, ವಕೀಲರಿಗೆ ನಾನಾದರೂ ಫಿಯಟ್ಟನ್ನೇ ಹೇಳುತ್ತಿದ್ದೆ. ಲೈಸೆನ್ಸ್ ಕಾಲದಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದವರಿಗೆ ಆಯ್ಕೆಯೆಲ್ಲಿತ್ತು ಎಂಬ ಆಕ್ಷೇಪ ಇನ್ನೂ ಗಟ್ಟಿ. ಅಂಬಾಸಿಡರ್ ಎಷ್ಟು ಮಾರಾಟವಾಯಿತು ಎಂಬುದರಿಂದ ಜನ ಅದನ್ನು ಮೆಚ್ಚಿದರು ಎನ್ನಲಾಗದು, ಒಪ್ಪುತ್ತೇನೆ. ಸರ್ಕಾರಿ ಕಚೇರಿಗಳ ಖರೀದಿಯೂ ಆ ಲೆಕ್ಕದಲ್ಲಿ ಸೇರಿದೆ. ನನ್ನ ವಾದ ನಿಂತಿರುವುದು ಮಾರಾಟದ ಮೇಲಲ್ಲ, ಕಾರು ಮಾಡಬೇಕಿದ್ದ ಕೆಲಸದ ಮೇಲೆ. 1983ರ ಕೊನೆಗೆ ಬಂದ ಮಾರುತಿ 800 ಹಗುರತನದಲ್ಲಿ, ಉಳಿತಾಯದಲ್ಲಿ ಫಿಯಟ್ಟಿನ ಜಾಗಕ್ಕೇ ನೇರವಾಗಿ ಕೈಹಾಕಿತು. ಆಳು, ಚೀಲ, ಬಿಸಿಲು ಮೂರನ್ನೂ ತಾಳಬೇಕಾದ ಬಾಡಿಗೆ ಡೀಸೆಲ್ ಕಾರಿನ ಜಾಗಕ್ಕೆ ಅದು ಬರಲೇ ಇಲ್ಲ.