ಗುತೋರ್

ಟಿಬೆಟಿಯನ್ ಪಂಚಾಂಗದ ಹನ್ನೆರಡನೆಯ ತಿಂಗಳ 29ರಂದು, ಲೋಸರ್ ಹೊಸವರ್ಷಕ್ಕೆ ಮುಂಚೆ, ಹಳೆಯ ವರ್ಷದ ಅನಿಷ್ಟ ಕಳೆಯಲು ಬೌದ್ಧ ಭಿಕ್ಷುಗಳು ನಡೆಸುವ ವಿಧಿ. 1959ರ ನಂತರ ನಿರಾಶ್ರಿತರಾಗಿ ಬಂದವರೊಂದಿಗೆ ಇದು ಕರ್ನಾಟಕದ ಬೈಲಕುಪ್ಪೆ, ಮುಂಡಗೋಡಗಳಿಗೂ ಬಂತು.

ಬೆಟ್ಟ, ಕೆರೆ, ಒಲೆಗಳಲ್ಲೂ ದೈವಗಳಿವೆಯೆಂದು ನಂಬಿದ್ದ ಟಿಬೆಟ್‌ಗೆ 8ನೆಯ ಶತಮಾನದಲ್ಲಿ ಹೋದ ಪದ್ಮಸಂಭವ ಆ ದೈವಗಳನ್ನು ಪಳಗಿಸಿ, ಧರ್ಮ ಕಾಯುವಂತೆ ಆಣೆ ಮಾಡಿಸಿದನೆಂಬುದು ಐತಿಹ್ಯ. ಹೀಗೆ ಜನರ ದೈವಗಳು ಮಠದೊಳಗೂ ನೆಲೆ ಕಂಡವು. ಎಲ್. ಎ. ವಾಡೆಲ್ 1895ರ ತನ್ನ ಗ್ರಂಥದಲ್ಲಿ ಇಂಥ ಆಚರಣೆಗಳನ್ನು ದೆವ್ವಪೂಜೆಯೆಂದು ಹಳಿದ. ಅದು ಅನ್ಯಾಯದ ಮಾತು. ರೋಗ, ಬರ, ಸಾವುಗಳ ಎದುರು ಜನ ಕೇಳುವ ನೆರವನ್ನು ಕೊಡದೆ ಯಾವ ಧರ್ಮವೂ ಊರಲ್ಲಿ ನಿಲ್ಲದು.

ವಿಧಿಯ ಹೊಣೆ ಹೊತ್ತ ಭಿಕ್ಷುಗಳಿಗೆ ವರ್ಷಗಟ್ಟಲೆ ತರಬೇತಿ ಬೇಕು. ಮಂತ್ರಪಠಣವನ್ನು ಮುನ್ನಡೆಸುವವನು ಉಮ್‌ಜೆ. ಪೂಜಾಸಾಮಗ್ರಿಯ ಹೊಣೆ ಛೋಪೊನ್‌ನದು. ಹಿಟ್ಟು, ಬೆಣ್ಣೆ ಕಲಸಿ ಮಾಡಿದ ತೊರ್ಮ ಎಂಬ ನೈವೇದ್ಯವನ್ನು ಕೊನೆಗೆ ಮೆರವಣಿಗೆಯಲ್ಲಿ ಒಯ್ದು ಬೆಂಕಿಗೆ ಎಸೆಯುತ್ತಾರೆ. ಪೆನೊರ್ ರಿನ್‌ಪೊಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ಕಟ್ಟಿದ ನಾಮ್‌ಡ್ರೋಲಿಂಗ್ ಮಠದಲ್ಲಿ ಲೋಸರ್‌ಗೆ ಮುಂಚೆ ಮುಖವಾಡದ ಛಾಮ್ ಕುಣಿತವಿರುತ್ತದೆ. ಛಾಮ್‌ನಲ್ಲಿ ಹಿಟ್ಟಿನ ಬೊಂಬೆಯೊಂದನ್ನು ಕತ್ತರಿಸುವುದುಂಟು. ಪಂಡಿತರಿಗೆ ಅದು ಅಹಂಕಾರದ ಛೇದ, ನೋಡುವ ಅಜ್ಜಿಗೆ ಪೀಡೆಯ ನಾಶ. ಎರಡೂ ಅರ್ಥಗಳು ಒಂದೇ ಕತ್ತಿಯಲ್ಲಿ ನಿಲ್ಲುವುದೇ ಈ ವಿಧಿಯ ಬಲ.

ಮನೆಯ ವಿಧಿ ಇನ್ನೂ ಆಪ್ತ. ಆ ರಾತ್ರಿ ಒಂಬತ್ತು ಪದಾರ್ಥಗಳ ಗುತುಕ್ ಸಾರು ಕುದಿಯುತ್ತದೆ. ಅದರ ಹಿಟ್ಟಿನ ಉಂಡೆಗಳೊಳಗೆ ಇದ್ದಿಲು, ಮೆಣಸಿನಕಾಯಿ, ಉಣ್ಣೆ ಅಡಗಿರುತ್ತವೆ. ಮೆಣಸಿನಕಾಯಿ ಸಿಕ್ಕವರು ಮಾತಿನ ಮಲ್ಲರು, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು! ಬಳಿಕ ಒಬ್ಬೊಬ್ಬರೂ ಹಿಟ್ಟಿನ ಮುದ್ದೆಯನ್ನು ಮೈಗೆ ಸವರಿ, ಮುಷ್ಟಿಯಲ್ಲಿ ಅದುಮಿ ಬೆರಳಚ್ಚು ಮೂಡಿಸಿ, ಮನೆಯಲ್ಲೇ ಮಾಡಿದ ಹಿಟ್ಟಿನ ಬೊಂಬೆಯ ಪಕ್ಕದಲ್ಲಿಡುತ್ತಾರೆ. ಉಳಿದ ಸಾರಿನೊಂದಿಗೆ ಬೊಂಬೆ, ಮುದ್ದೆಗಳನ್ನು ಹುಲ್ಲಿನ ಪಂಜಿನ ಬೆಳಕಿನಲ್ಲಿ ಕೂಡುದಾರಿಗೆ ಒಯ್ದು ಬಿಟ್ಟು, ಹಿಂತಿರುಗಿ ನೋಡದೆ ಬರುತ್ತಾರೆ. ಅನ್ನ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಚೆಲ್ಲುವ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡನಾಡಿಗೆ ಈ ಪರಂಪರೆ ತೀರ ಹೊಸದೂ ಅಲ್ಲ. ಗದಗ ಜಿಲ್ಲೆಯ ಡಂಬಳದ 1095ರ ಶಾಸನ, ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ಅಲ್ಲಿನ ತಾರಾದೇವಿಯನ್ನೂ ದಾಖಲಿಸಿದೆ. ಬೈಲಕುಪ್ಪೆ, ಮುಂಡಗೋಡಗಳ ಟಿಬೆಟಿಯನ್ನರು ಆಪತ್ತಿನಲ್ಲಿ ಕರೆಯುವುದೂ ಅದೇ ತಾರೆಯನ್ನು.