ಅಂಚೆಯಲ್ಲಿ ಒದಗಿಬಂದ ಆಪ್ತತೆ

ಎಂದೂ ಮುಖ ಕಾಣದ, ಕಡಲಾಚೆ ಕಷ್ಟದಲ್ಲಿರುವ ಎಳೆಯ ಜೀವವೊಂದಕ್ಕೆ ಬರಹದ ಪರಿಚಯವೊಂದನ್ನೇ ನೆಚ್ಚಿ ನೆರವಾಗುವ ಪದ್ಧತಿಯು ಇಂದಿನ ಸಾಮಾಜಿಕ ಜಾಲತಾಣಗಳೊಡನೆ ಹುಟ್ಟಿತೆಂದು ಬಗೆಯುವವರುಂಟು. ವಸ್ತುತಃ ಅದರ ಮೂಲವು ಹತ್ತೊಂಬತ್ತನೆಯ ಶತಮಾನದ ಅಂಚೆಯಲ್ಲಿದೆ. 1874ರಲ್ಲಿ ಬರ್ನ್ ನಗರದಲ್ಲಿ ಹಲವು ರಾಷ್ಟ್ರಗಳು ಕೂಡಿ ಅಂಚೆಯ ಒಕ್ಕೂಟವೊಂದನ್ನು ಸ್ಥಾಪಿಸಿ, 1876ರಲ್ಲಿ ಹಿಂದೂಸ್ಥಾನವೂ ಅದನ್ನು ಸೇರಿದ ತರುವಾಯ, ಪರದೇಶಕ್ಕೆ ಕಾಗದ ಬರೆಯುವುದು ಸಾಮಾನ್ಯ ಗುಮಾಸ್ತನ ಸಂಬಳಕ್ಕೂ ನಿಲುಕುವ ಕಾರ್ಯವಾಯಿತು. ಇದರ ಫಲವು ಎಷ್ಟು ದೂರ ಹಬ್ಬಿತೆಂಬುದನ್ನು ಆನಂದೀಬಾಯಿ ಜೋಶಿಯವರ ವೃತ್ತಾಂತದಿಂದ ತಿಳಿಯಬಹುದು.

1865ರಲ್ಲಿ ಜನಿಸಿ, ಒಂಬತ್ತರ ಪ್ರಾಯದಲ್ಲಿಯೇ ವಿವಾಹಿತೆಯಾದ ಈಕೆ ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಹತ್ತು ದಿನಗಳೊಳಗೆ ಕಳೆದುಕೊಂಡಳು. ತಾನೇ ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಸಂಕಲ್ಪಕ್ಕೆ ಆ ದುಃಖವೇ ಬೀಜವಾಯಿತು. ಪತಿ ಗೋಪಾಲರಾಯರು ಅಂಚೆ ಇಲಾಖೆಯ ಗುಮಾಸ್ತರು. ಹೆಂಡತಿಯ ವಿದ್ಯಾಭ್ಯಾಸಕ್ಕೂ ತಮ್ಮ ಉದ್ಯೋಗಕ್ಕೂ ಅಮೆರಿಕದಲ್ಲಿ ದಾರಿಯಾದೀತೇ ಎಂದು ಅವರು ಅಲ್ಲಿಯ ಮಿಶನರಿ ವೈಲ್ಡರ್ ಅವರನ್ನು ಕಾಗದ ಮುಖೇನ ಕೇಳಿದರು. ವೈಲ್ಡರ್ ಅವರು ದಂಪತಿಗಳು ಕ್ರೈಸ್ತಮತವನ್ನು ಸ್ವೀಕರಿಸುವುದಾದರೆ ಸಹಾಯ ದೊರೆತೀತೆಂದು ಸೂಚಿಸಿ, ಆ ಪತ್ರವ್ಯವಹಾರವನ್ನು ತಮ್ಮ ‘ಮಿಶನರಿ ರಿವ್ಯೂ’ ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ಷರತ್ತು ದಂಪತಿಗಳಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಅಚ್ಚಾದ ಕಾಗದವು ತನ್ನ ಕೆಲಸವನ್ನು ಮಾಡದೆ ಬಿಡಲಿಲ್ಲ.

ನ್ಯೂ ಜೆರ್ಸಿಯ ರೋಸೆಲ್ ಎಂಬ ಊರಿನ ಗೃಹಿಣಿ ಥಿಯೋಡಿಸಿಯಾ ಕಾರ್ಪೆಂಟರ್ ಅವರು 1880ರಲ್ಲಿ, ದಂತವೈದ್ಯನಲ್ಲಿ ತಮ್ಮ ಸರದಿಗಾಗಿ ಕಾದು ಕುಳಿತಿದ್ದಾಗ, ಆ ಪತ್ರಿಕೆಯನ್ನು ತಿರುವಿಹಾಕಿ ಈ ಓಲೆಯನ್ನು ಓದಿದರೆಂದು ಆನಂದೀಬಾಯಿಯ ಚರಿತ್ರೆಯನ್ನು ಬರೆದವರು ಹೇಳಿದ್ದಾರೆ. ಅವರು ಮತದ ಮಾತೆತ್ತದೆ, ತಮ್ಮ ಮನೆಯಲ್ಲಿ ಈಕೆಗೆ ಆಶ್ರಯ ಕೊಡಲು ಸಿದ್ಧರೆಂದು ನೇರವಾಗಿ ಬರೆದರು. ಅಲ್ಲಿಂದ ಮೂರು ವರ್ಷಗಳ ಕಾಲ ಪತ್ರಗಳು ಹಡಗಿನಲ್ಲಿ ಹೋಗಿಬರುತ್ತಿದ್ದವು. ಬಾಲ್ಯವಿವಾಹ, ಸ್ತ್ರೀಯರ ಆರೋಗ್ಯ, ಎರಡು ದೇಶಗಳ ಮನೆವಾರ್ತೆ ಎಲ್ಲವೂ ಅವುಗಳಲ್ಲಿ ಚರ್ಚೆಗೆ ಬಂದವು. ಆನಂದೀಬಾಯಿ ಅವರನ್ನು ‘ಮಾವಶಿ’, ಎಂದರೆ ಚಿಕ್ಕಮ್ಮ, ಎಂದೇ ಸಂಬೋಧಿಸಿದಳು. ಕಲಕತ್ತೆಯಲ್ಲಿದ್ದಾಗ ಈಕೆ ತಲೆನೋವು, ಜ್ವರಗಳಿಂದ ಬಳಲುತ್ತಿರುವಳೆಂದು ತಿಳಿದಾಗ ಆ ಚಿಕ್ಕಮ್ಮ ಅಮೆರಿಕದಿಂದ ಔಷಧಗಳನ್ನೂ ಕಳುಹಿಸಿದರು.

ಸಮುದ್ರಯಾನವನ್ನು ನಿಷಿದ್ಧವೆಂದೆಣಿಸಿದ್ದ ಸ್ವಸಮಾಜವು ಆಕೆ ಅಮೆರಿಕಕ್ಕೆ ಹೊರಡುವುದನ್ನು ಖಂಡಿಸಿತು. ಆನಂದೀಬಾಯಿ 1883ರಲ್ಲಿ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ ನಿಂತು, ಹಿಂದೂ ಸ್ತ್ರೀಯರಿಗೆ ಸ್ತ್ರೀವೈದ್ಯರ ಅಗತ್ಯವೆಷ್ಟೆಂಬುದನ್ನು ವಿವರಿಸಿ, ತಾನು ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುವೆನೆಂದು ಸಾರಿದಳು. ಬಂಗಾರದ ಆಭರಣಗಳು ಪ್ರಯಾಣದ ವೆಚ್ಚಕ್ಕೆ ಸಂದವು. ಪತಿಯಿಲ್ಲದೆ ಏಪ್ರಿಲ್‌ನಲ್ಲಿ ಹೊರಟು ಜೂನ್‌ನಲ್ಲಿ ನ್ಯೂಯಾರ್ಕನ್ನು ತಲಪಿದ ಹದಿನೆಂಟರ ತರುಣಿಯನ್ನು ಕಾರ್ಪೆಂಟರ್ ಅವರು ಬಂದರಿನಲ್ಲಿ ಎದುರುಗೊಂಡು ಮನೆಗೆ ಕರೆದೊಯ್ದರು. ಆ ವರ್ಷವೇ ಈಕೆ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದಳು. 1885ರ ಅಕ್ಟೋಬರಿನಲ್ಲಿ ಅಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ, ಸ್ವದೇಶದ ಉಡುಪಿನಲ್ಲಿರುವ ಜಪಾನಿನ ಕೇಯಿ ಓಕಾಮಿ, ಸಿರಿಯಾದ ಸಬತ್ ಇಸ್ಲಾಂಬೂಲಿಯವರ ಜೊತೆಗೆ, ಆನಂದೀಬಾಯಿ ಸೀರೆಯುಟ್ಟು ಕುಳಿತಿದ್ದಾಳೆ. ಪಡೆದ ನೆರವಿಗೆ ಪ್ರತಿಯಾಗಿ ಆಕೆ ತನ್ನತನವನ್ನು ತೆರಬೇಕಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

1886ರ ಮಾರ್ಚ್ 11ರಂದು ಆಕೆಗೆ ಎಂ.ಡಿ. ಪದವಿ ದೊರೆಯಿತು. ಕಾರ್ಕಳದ ಬಳಿಯ ಮಾಳದ ಮನೆತನದವರಾದ ಪಂಡಿತಾ ರಮಾಬಾಯಿಯವರು ಆ ಸಮಾರಂಭಕ್ಕಾಗಿಯೇ ಇಂಗ್ಲೆಂಡಿನಿಂದ ಬಂದಿದ್ದರು. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀ ವಿಭಾಗದಲ್ಲಿ ವೈದ್ಯರ ಹುದ್ದೆಯು ಕಾದಿತ್ತಾದರೂ, ಕ್ಷಯದಿಂದ ಜರ್ಜರಿತಳಾಗಿ ಹಿಂದಿರುಗಿದ ಆನಂದೀಬಾಯಿ 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡಳು. ಚಿತಾಭಸ್ಮವು ಕಾರ್ಪೆಂಟರ್ ಅವರನ್ನು ಸೇರಿತು. ಅವರು ಅದನ್ನು ನ್ಯೂಯಾರ್ಕ್ ಪ್ರಾಂತದ ಪೊಕೀಪ್ಸಿಯಲ್ಲಿ, ತಮ್ಮ ಕುಟುಂಬದ ಸಮಾಧಿಭೂಮಿಯಲ್ಲಿಯೇ ಇರಿಸಿ ಕಲ್ಲು ನೆಡಿಸಿದರು. ಅಮೆರಿಕದಲ್ಲಿಯೇ ನಿಂತ ರಮಾಬಾಯಿಯವರು ತಮ್ಮ ಗ್ರಂಥದಿಂದಲೂ ಭಾಷಣಗಳಿಂದಲೂ ಅಲ್ಲಿಯ ಜನರ ಮನಸ್ಸನ್ನು ಒಲಿಸಿದರು. ಬಾಸ್ಟನ್ನಿನಲ್ಲಿ ಏರ್ಪಟ್ಟ ಸಂಘವೊಂದು ಹತ್ತು ವರ್ಷಗಳ ಧನಸಹಾಯಕ್ಕೆ ಒಪ್ಪಿತು. ಆ ಸಹಾಯದ ಬಲದಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಅವರ ಶಾರದಾ ಸದನವು ತೆರೆಯಿತು.

ಪತ್ರಿಕೆ ಮಾಡಿದ್ದು ಪರಿಚಯವನ್ನು ಮಾತ್ರ. ಅದೇ ಕಾಗದವನ್ನು ಮೊದಲು ಓದಿದವರು ಷರತ್ತನ್ನು ಮುಂದಿಟ್ಟರು. ಅಚ್ಚಿನಲ್ಲಿ ಓದಿದವರು ಮನೆಯ ಬಾಗಿಲನ್ನು ತೆರೆದರು. ಇಂದು ಜಾಲತಾಣದಲ್ಲಿ ಪರಿಚಯವು ಕ್ಷಣದಲ್ಲಿ ಬೆಳೆಯುತ್ತದೆ, ಹಣವೂ ಕ್ಷಣದಲ್ಲಿ ಸಾಗುತ್ತದೆ, ವಂಚನೆಯೂ ಅಷ್ಟೇ ವೇಗದಲ್ಲಿ ನಡೆಯುತ್ತದೆ. ಆದುದರಿಂದ ದೂರದೇಶದ ತರುಣನಿಗೋ ತರುಣಿಗೋ ಕೈನೀಡಬಯಸುವ ಓದುಗರು, ಮೊದಲು ಬಹುಕಾಲ ಮಾತನಾಡಿ ಮನಸ್ಸನ್ನೂ ಸ್ಥಿತಿಯನ್ನೂ ಅರಿತುಕೊಳ್ಳಲಿ. ಅರಿತ ಮೇಲೆ, ಪ್ರತಿಫಲವನ್ನು ಬಯಸದೆ ಕಡೆಯವರೆಗೆ ಜೊತೆಗಿರಲಿ.